ಮೂರು ಕ್ಯಾಲ್ಕುಲೇಟರು, ಒಬ್ಬ ಅತ್ತೆಮಗ

ನನ್ನ ಮೊಬೈಲಿಗೆ ನನ್ನ ಮೇಲೆ ಅಪಾರ ಗೌರವ. ಯಾರಾದರೂ ಒಂದು ಫೋಟೊ ಕಳಿಸಲಿ, ಲಗ್ನಪತ್ರಿಕೆ ಕಳಿಸಲಿ, ತೆರೆಯುವ ಮೊದಲು ನನ್ನನ್ನು ಕೇಳುತ್ತದೆ. ಇದನ್ನು ಯಾವುದರಲ್ಲಿ ತೆರೆಯಲಿ? ಯಾವಾಗಲೂ ಅದರಲ್ಲೇ ತೆರೆಯಲೋ, ಈ ಒಂದು ಸಲ ಮಾತ್ರವೋ? ನಾನು ಪ್ರತಿ ಸಲವೂ ‘ಈ ಒಂದು ಸಲ ಮಾತ್ರ’ ಎಂದೇ ಒತ್ತುತ್ತೇನೆ. ಮನೆಯವರಿಗೆಲ್ಲ ನಗು. “ಒಮ್ಮೆ ‘ಯಾವಾಗಲೂ’ ಅಂತ ಒತ್ತಿಬಿಡಬಾರದೇನು? ಕಾಟ ತಪ್ಪತೈತಿ” ಎನ್ನುತ್ತಾರೆ. ನಾನು ಒತ್ತುವುದಿಲ್ಲ. ಕೇಳುವವರು ಇರುವಾಗ ಕೇಳಿಸಿಕೊಳ್ಳುವ ಸುಖವನ್ನು ಯಾಕೆ ಬಿಡಬೇಕು? ನಿಮಗೆ ಇದು ಹುಚ್ಚು ಅನ್ನಿಸಿದರೆ ತಪ್ಪಿಲ್ಲ. ಆದರೆ ಈ ಹುಚ್ಚಿಗೆ ಒಂದು ಹಿನ್ನೆಲೆ ಇದೆ, ಅದನ್ನು ಕೇಳಿ ಆಮೇಲೆ ನಗಿರಿ.

ಹೈದರಾಬಾದಿಗೆ ಕಂಪ್ಯೂಟರ್ ಜ್ವರ ಏರಿದ್ದ ಕಾಲ ಅದು. ಕಾಚಿಗೂಡದ ನಮ್ಮ ಓಣಿಯ ಕರೆಂಟಿನ ಕಂಬಗಳ ಮೇಲೂ ಕೋರ್ಸಿನ ಪೋಸ್ಟರುಗಳೇ. ಬಿ.ಎಸ್ಸಿ. ಮುಗಿಸಿ ಸುಮ್ಮನೆ ಕುಳಿತಿದ್ದ ನನ್ನನ್ನು ಅಪ್ಪ ಅಂಥದ್ದೊಂದು ಕೋರ್ಸಿಗೆ ಹಚ್ಚಿದರು. ಕೋರ್ಸಿನವರು ನನ್ನನ್ನು ಅಮೀರ್‌ಪೇಟೆಯ ಒಂದು ಪುಟ್ಟ ಕಂಪನಿಗೆ ಹಚ್ಚಿದರು. ನಾನಾಗಿ ಎಲ್ಲಿಗೂ ಹೋದವಳಲ್ಲ. ಕಂಪನಿಯ ಕೆಲಸ ಇಷ್ಟೇ: ಶಾಲೆಗಳಿಗೆ, ನಾಚಾರಂ ಕಡೆಯ ಸಣ್ಣ ಕಾರ್ಖಾನೆಗಳ ಆಫೀಸುಗಳಿಗೆ ಅಗ್ಗದ ಕಂಪ್ಯೂಟರು ಜೋಡಿಸಿ ಕೊಡುವುದು, ಅದರೊಳಗೆ ಲಿನಕ್ಸ್ ತುಂಬುವುದು. ಲಿನಕ್ಸ್ ಎಂದರೆ ಪುಕ್ಕಟೆ ಸಿಗುವ ಆಪರೇಟಿಂಗ್ ಸಿಸ್ಟಮ್ಮು. ದೇಶವಿದೇಶದ ಎಷ್ಟೋ ಪುಣ್ಯಾತ್ಮರು ಬರೆದು ಊರಿಗೆಲ್ಲ ದಾನ ಕೊಟ್ಟದ್ದು. ಪುಣ್ಯಾತ್ಮರ ಸಂಖ್ಯೆ ಜಾಸ್ತಿಯಾಗಿ ಒಂದೊಂದು ಕೆಲಸಕ್ಕೂ ಏಳೆಂಟು ಪ್ರೋಗ್ರಾಮುಗಳಿದ್ದವು. ನಾವು ಧಾರಾಳಿಗಳು, ಎಲ್ಲವನ್ನೂ ಸಿ.ಡಿ.ಗೆ ತುಂಬಿ ಕೊಟ್ಟುಬಿಡುತ್ತಿದ್ದೆವು.

ಒಂದು ದಿನ ಯಾವುದೋ ಶಾಲೆಯ ಹೆಡ್‌ಮಾಸ್ತರು ಫೋನು ಮಾಡಿ ನಮ್ಮ ಟೀಮ್ ಲೀಡರ್ ಶೇಷು ಅವರನ್ನು ಝಾಡಿಸಿದರು. ಫೈಲಿನ ಮೇಲೆ ಕ್ಲಿಕ್ ಮಾಡಿದರೆ ಕಂಪ್ಯೂಟರು ಫೈಲು ತೋರಿಸುವುದು ಬಿಟ್ಟು, ಇದನ್ನು ಯಾವುದರಲ್ಲಿ ತೆರೆಯಲಿ ಎಂದು ಉದ್ದನೆಯ ಪಟ್ಟಿ ಮುಂದಿಡುತ್ತದಂತೆ. ಮಕ್ಕಳಿಗೆ ಪರೀಕ್ಷೆ ಕೊಡುವವರು ನಾವು, ನಿಮ್ಮ ಡಬ್ಬಿ ನಮಗೇ ಪರೀಕ್ಷೆ ಕೊಡುತ್ತದಲ್ಲ ಎಂದು ಮಾಸ್ತರು ಕೂಗಾಡಿದ್ದು ರಿಸೀವರಿನಾಚೆ ನಮಗೂ ಕೇಳಿತು. ಕೂಡಲೇ ಮೀಟಿಂಗು. ಒಂದೊಂದು ಬಗೆಯ ಫೈಲಿಗೂ ಒಂದೇ ಪ್ರೋಗ್ರಾಮು ಗೊತ್ತುಮಾಡಬೇಕು, ಕ್ಲಿಕ್ ಮಾಡಿದರೆ ಅದರಲ್ಲೇ ತೆರೆಯಬೇಕು. ಅದಕ್ಕೆ ಡಿಫಾಲ್ಟ್ ಎಂದು ಹೆಸರು. ನೀವು ಬಾಯಿ ಬಿಡದಿದ್ದಾಗ ನಿಮ್ಮ ಪರವಾಗಿ ತಾನೇ ಆಗಿಹೋಗುವ ತೀರ್ಮಾನ ಎಂದುಕೊಳ್ಳಿ.

ಟೀಮಿನಲ್ಲಿ ಇಬ್ಬರು ಹುಡುಗರಿದ್ದರು. ಅಕ್ಷರ ಬರೆಯುವ ಎಡಿಟರಿನ ವಿಷಯಕ್ಕೆ ಇಬ್ಬರಿಗೂ ಹಾವು ಮುಂಗುಸಿಯ ವೈರ. ಒಬ್ಬನ ಎಡಿಟರಿನೊಳಗೆ ಹೋದವರಿಗೆ ಹೊರಗೆ ಬರುವ ದಾರಿ ಗೊತ್ತಾಗುತ್ತಿರಲಿಲ್ಲ. ಇನ್ನೊಬ್ಬನದನ್ನು ನಡೆಸಲು ಹತ್ತು ಬೆರಳೂ ಸಾಲದೆ ಮೂಗನ್ನೂ ಬಳಸಬೇಕೇನೋ ಅನ್ನಿಸುತ್ತಿತ್ತು. ಇಬ್ಬರೂ ಟೇಬಲ್ ಗುದ್ದಿ ಗುದ್ದಿ ಚಹಾದ ಗ್ಲಾಸು ಉರುಳಿಸಿದ ಮೇಲೆ ಶೇಷು ನನ್ನ ಕಡೆ ತಿರುಗಿದರು. “ವೈಜಯಂತಿ ಗಾರು, ಮೀರೇ ಫೈನಲ್ ಚೆಯ್ಯಂಡಿ” ಎಂದರು. ನೀವೇ ಆಖೈರು ಮಾಡಿಬಿಡಿ ಎಂದು! ನಾನೇ ಯಾಕೆ ಸರ್ ಎಂದೆ. ನಿಮಗೆ ಯಾವ ಅಭಿಪ್ರಾಯವೂ ಇಲ್ಲವಲ್ಲ, ಅದಕ್ಕೇ ಎಂದರು. ನನ್ನ ಯೋಗ್ಯತೆಯನ್ನು ಇಷ್ಟು ಕರಾರುವಾಕ್ಕಾಗಿ ಗುರುತಿಸಿದವರು ಆ ಮೊದಲೂ ಇಲ್ಲ, ಆಮೇಲೂ ಇಲ್ಲ.

ಅವರು ಹೇಳಿದ್ದು ಸುಳ್ಳೇನಲ್ಲ. ನಾನು ಬೆಳೆದ ಮನೆಯಲ್ಲಿ ಎಲ್ಲವೂ ಮೊದಲೇ ಗೊತ್ತಾಗಿಬಿಟ್ಟಿರುತ್ತಿತ್ತು. ಮುತ್ತಜ್ಜ ರಾಯಚೂರಿನಿಂದ ನಿಜಾಮರ ಕಾಲದಲ್ಲಿ ಸರಕಾರಿ ನೌಕರಿಗೆ ಬಂದರು, ಅಜ್ಜ ಅದೇ ಇಲಾಖೆ, ಅಪ್ಪ ಅದೇ ಇಲಾಖೆ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತೆಲುಗು, ಆಟೋ ಹತ್ತಿದರೆ ಹಿಂದಿ. ಯಾವುದನ್ನೂ ಯಾರೂ ಆರಿಸಿಕೊಂಡದ್ದಲ್ಲ. ಒಬ್ಬನೇ ದರ್ಜಿ, ಒಬ್ಬನೇ ಡಾಕ್ಟರು, ಹಬ್ಬಕ್ಕೆ ಒಂದೇ ಅಂಗಡಿಯ ಬಟ್ಟೆ. ರವಿವಾರ ಎಂದರೆ ಝುಣಕ, ರೊಟ್ಟಿ, ಶೇಂಗಾ ಚಟ್ನಿ. ಒಂದು ದಿನವೂ ಅವ್ವ ಏನು ಮಾಡಲಿ ಎಂದು ಕೇಳಿದವಳಲ್ಲ, ನಾವೂ ಬೇರೆ ಬೇಕು ಎಂದವರಲ್ಲ.

ಚಿಕ್ಕವಳಿದ್ದಾಗ ಅಪ್ಪ ಒಮ್ಮೆ ಸ್ಟೇಷನ್ನಿನ ಹತ್ತಿರದ ಇರಾನಿ ಹೋಟೆಲಿಗೆ ಕರೆದುಕೊಂಡು ಹೋಗಿದ್ದರು. ಅಂದು ಅವರಿಗೆ ಪ್ರಮೋಷನ್ ಆಗಿತ್ತೋ ಏನೋ, ಯಾವ ಗಾಳಿ ಬೀಸಿತ್ತೋ, ಗಾಜಿನ ಕಪಾಟಿನ ಮುಂದೆ ನಿಲ್ಲಿಸಿ “ಏನ್ ತಿಂತೀ? ನಿನಗ ಬೇಕಾದ್ದ ತೊಗೊ” ಎಂದರು. ಕಪಾಟಿನ ತುಂಬ ಬಿಸ್ಕೀಟು, ಬನ್ನು, ಕೇಕು, ಸಮೋಸ. ನಾನು ಒಂದೊಂದನ್ನೂ ನೋಡಿದೆ. ಹಣದ ಗಲ್ಲೆಯ ಮೇಲಿದ್ದ ಮುದುಕರು ನಗುತ್ತ ಕಾದರು. ಹಿಂದೆ ನಿಂತವರು ಕೆಮ್ಮಿದರು. ನಾನು ಭೋರೆಂದು ಅತ್ತುಬಿಟ್ಟೆ. ಅಪ್ಪ ಗಾಬರಿಯಾಗಿ ತಮಗೆ ತಿಳಿದ ಬಿಸ್ಕೀಟು ಕೊಡಿಸಿ ಮನೆಗೆ ಕರೆತಂದರು. “ಹುಡುಗಿಗೆ ದೃಷ್ಟಿ ಆಗೇತಿ” ಎಂದು ಅವ್ವ ಮೆಣಸಿನಕಾಯಿ ಇಳಿಸಿದಳು. ದೃಷ್ಟಿಯಲ್ಲ ತಾಯಿ, ಆಯ್ಕೆ ಎಂದು ಹೇಳಲು ಆಗ ನನಗೆ ಮಾತು ಬರುತ್ತಿರಲಿಲ್ಲ.

ಇಂಥ ಮನೆಯಲ್ಲಿ ಗಂಡನೊಬ್ಬ ಗೊತ್ತಾಗದೆ ಉಳಿಯುತ್ತಾನೆಯೆ? ನನ್ನನ್ನು ತೊಟ್ಟಿಲಿಗೆ ಹಾಕಿದ ದಿನವೇ ಅಪ್ಪನ ತಂಗಿ, ರಾಯಚೂರಿನ ನಮ್ಮ ಅತ್ಯಾ, ನನ್ನ ಬಾಯಿಗೆ ಸಕ್ಕರೆ ಇಟ್ಟು “ಇಕಿ ನನ್ನ ಸೊಸಿ” ಎಂದಿದ್ದಳಂತೆ. ಅವಳ ಮಗ ಗುರುರಾಜ ಆಗ ಅಲ್ಲೇ ಬಲೂನಿಗಾಗಿ ನೆಲದ ಮೇಲೆ ಹೊರಳಾಡಿ ಅಳುತ್ತಿದ್ದನಂತೆ. ಬಲೂನು ಸಿಕ್ಕಿತೋ ಇಲ್ಲವೋ ತಿಳಿಯದು, ನಾನು ಸಿಕ್ಕಿದ್ದೆ. ಅಲ್ಲಿಂದ ಮುಂದೆ ಈ ಮಾತನ್ನು ಯಾರೂ ಮತ್ತೆ ಎತ್ತಲೂ ಇಲ್ಲ, ಇಳಿಸಲೂ ಇಲ್ಲ. ಅತ್ಯಾ ಪ್ರತಿ ದೀಪಾವಳಿಗೆ ಬಂದು ನನ್ನ ಎತ್ತರ ನೋಡಿ ಸಮಾಧಾನಪಟ್ಟು ಹೋಗುತ್ತಿದ್ದಳು. ಅಪ್ಪನಿಗೆ ಈ ಲೋಕದಲ್ಲಿ ತಂಗಿಯೆಂದರೆ ಜೀವ. ಹಾಗಾಗಿ ಕೇಳುವ ಪ್ರಶ್ನೆಯೇ ಇರಲಿಲ್ಲ.

ಗುರುರಾಜ ದೊಡ್ಡವನಾಗಿ, ಕೆಮಿಸ್ಟ್ರಿ ಓದಿ, ಪಟಾನ್‌ಚೆರುವಿನ ಒಂದು ಔಷಧಿ ಕಾರ್ಖಾನೆಯ ಲ್ಯಾಬಿಗೆ ಸೇರಿಕೊಂಡ. ಅಲ್ಲೇ ಒಂದು ಬಾಡಿಗೆ ಖೋಲಿ. ಪ್ರತಿ ರವಿವಾರ ಎರಡು ಬಸ್ಸು ಬದಲಿಸಿ ನಮ್ಮ ಮನೆಗೆ ಊಟಕ್ಕೆ ಬರುತ್ತಿದ್ದ. ಎಷ್ಟು ಸ್ನಾನ ಮಾಡಿ ಬಂದರೂ ಅವನ ಅಂಗಿಗೆ ಹುಳಿ ಹುಳಿ ಔಷಧಿಯ ವಾಸನೆ. ಬಂದವನೇ ಅಪ್ಪನ ಜೊತೆ ಪೇಪರು ಓದುತ್ತಿದ್ದ, ಸೋರುವ ನಳ ಬಿಗಿ ಮಾಡುತ್ತಿದ್ದ, ನಾಕು ರೊಟ್ಟಿ ತಿಂದು, “ಮಾಮಿ, ಝುಣಕಾ ಭಾಳ ಚಲೋ ಆಗೇತಿ” ಎಂದು ಹೋಗುತ್ತಿದ್ದ. ಸೀತಾಫಲದ ದಿನಗಳಲ್ಲಿ ಚೀಲದ ತುಂಬ ಸೀತಾಫಲ ತರುತ್ತಿದ್ದ. ನಮ್ಮ ಮನೆಯ ಗೋಡೆ ಗಡಿಯಾರದ ಹಾಗೆ ಅವನೂ ಇದ್ದ. ಗಡಿಯಾರವನ್ನು ನೋಡುತ್ತಾರೆಯೇ ಹೊರತು ಯಾರಾದರೂ ಮೆಚ್ಚುತ್ತಾರೆಯೆ?

ಇರಲಿ, ಆಫೀಸಿನ ವಿಷಯಕ್ಕೆ ಬರುತ್ತೇನೆ. ಆರಿಸುವ ಅಧಿಕಾರ ಕೈಗೆ ಬಂದದ್ದೇ ತಡ, ನಾನು ಬೇರೆಯೇ ಮನುಷ್ಯಳಾದೆ. ಎಡಿಟರಿನಿಂದಲೇ ಶುರು ಮಾಡಿದೆ. ಮೊದಲ ಹುಡುಗನ ಎಡಿಟರಿನೊಳಗೆ ಹೋದವಳು ಹೊರಗೆ ಬರಲಾಗದೆ ಕೊನೆಗೆ ವೈರು ಕಿತ್ತೆ. ಎರಡನೆಯವನ ಎಡಿಟರು ನನ್ನನ್ನು ನೋಡಿ ಪೀಂ ಪೀಂ ಎಂದು ಕೂಗಿಕೊಂಡಿತು. ಮೂಲೆಯಲ್ಲಿ ಸುಮ್ಮನೆ ಕುಳಿತಿದ್ದ ಒಂದು ಬಡಪಾಯಿ ಎಡಿಟರನ್ನು ಆರಿಸಿದೆ. ಬರೆದರೆ ಬರೆಯುತ್ತಿತ್ತು, ಮುಚ್ಚಿದರೆ ಮುಚ್ಚುತ್ತಿತ್ತು. ಇಬ್ಬರೂ ಹುಡುಗರು ನನ್ನ ಜೊತೆ ಮಾತು ಬಿಟ್ಟರು, ತಮ್ಮತಮ್ಮೊಳಗೆ ಸ್ನೇಹಿತರಾದರು. ಆಮೇಲೆ ಹಾಡು ಕೇಳಿಸುವ ಪ್ರೋಗ್ರಾಮುಗಳ ಸರದಿ, ಚಿತ್ರ ತೋರಿಸುವವುಗಳ ಸರದಿ. ಕ್ಯಾಲ್ಕುಲೇಟರು ಮೂರಿದ್ದವು. ಎರಡು ಕೂಡಿಸು ಎರಡು ಎಂದು ಮೂರಕ್ಕೂ ಕೊಟ್ಟೆ. ಮೂರೂ ನಾಲ್ಕು ಎಂದವು. ಹಾಗೆಂದು ಬಿಡಲಾಗುತ್ತದೆಯೆ? ಭಾಗಾಕಾರ ಕೊಟ್ಟೆ, ವರ್ಗಮೂಲ ಕೊಟ್ಟೆ, ಗುಂಡಿಗಳ ಬಣ್ಣ ನೋಡಿದೆ, ದೂರ ಕುಳಿತು ನೋಡಿದೆ, ಓರೆಯಾಗಿ ನೋಡಿದೆ. ಒಂದು ವಾರ ಈ ಮೂರು ಕ್ಯಾಲ್ಕುಲೇಟರುಗಳ ಜೊತೆ ಸಂಸಾರ ಮಾಡಿದೆ. ಊಟಕ್ಕೆ ಕುಳಿತಾಗ ಮನೆಯವರಿಗೆ ಅವುಗಳ ಗುಣಾವಗುಣ ವಿವರಿಸಿದೆ. ಅವ್ವ ಅಪ್ಪನ ಮುಖ ನೋಡಿ, “ನಾ ಹೇಳಿದ್ದಿಲ್ಲೇನ್ರಿ, ಬರೇ ಕಂಪ್ಯೂಟರ್ ಮುಂದ ಕುಂತ್ರ ತಲಿಗೆ ಏರ್ತೈತಿ ಅಂತ” ಎಂದಳು.

ಎಲ್ಲ ಮುಗಿದ ಮೇಲೆ ನನ್ನ ಲಿನಕ್ಸನ್ನು ಮನೆಯ ಕಂಪ್ಯೂಟರಿಗೆ ಹಾಕಿ, ರವಿವಾರ ಬಂದ ಗುರುರಾಜನನ್ನು ಮುಂದೆ ಕೂಡಿಸಿದೆ. ಕಂಪ್ಯೂಟರು ಗೊತ್ತಿಲ್ಲದ ಮನುಷ್ಯ ಒಬ್ಬ ಬೇಕಾಗಿತ್ತು, ಅವನು ಹೇಗೂ ಇದ್ದನಲ್ಲ. ಅವನು ಒಂದು ಫೋಟೊ ತೆರೆದ, ತೆರೆಯಿತು. ಹಾಡು ಒತ್ತಿದ, ಹಾಡಿತು. ನನಗೆ ತಡೆಯಲಾಗಲಿಲ್ಲ, “ಹ್ಯಾಂಗೈತಿ?” ಎಂದೆ.

“ಚಲೋ ಐತಿ. ಆದ್ರ ಇದು ನನ್ನ ಏನೂ ಕೇಳಲೇ ಇಲ್ಲಲಾ.”

“ಅದ ಅದರ ಗುಣಾ! ಎಲ್ಲಾ ನಿನ್ನ ಸಲುವಾಗಿ ನಾನ ಆರಿಸಿಟ್ಟೀನಿ.”

“ನನಗ ಬ್ಯಾರೆ ಬೇಕಾದ್ರ?”

ಬದಲಿಸುವ ಜಾಗ ತೋರಿಸಿದೆ. ಮೆನುವಿನೊಳಗೆ ಮೆನು, ಅದರೊಳಗೆ ಇನ್ನೊಂದು, ಅದರೊಳಗೆ ಒಂದು ಪುಟ್ಟ ಚೌಕ. “ಇಲ್ಲಿ ತನಾ ಯಾರ ಬರ್ತಾರ, ವೈಜಿ? ಸಿಕ್ಕಿದ್ದರಾಗ ಇರ್ತಾರ ಎಲ್ಲಾರೂ” ಎಂದ. ಅವನು ಸಿಟ್ಟಿನಿಂದ ಹೇಳಿದ್ದಲ್ಲ, ನಗುತ್ತಲೇ ಹೇಳಿದ. ನನಗೆ ಮಾತ್ರ ಎಲ್ಲೋ ಕುಟುಕಿತು.

ಅವನನ್ನು ಬೀಳ್ಕೊಡಲು ಗೇಟಿನ ತನಕ ಹೋದವಳು ಕೇಳಿಯೇಬಿಟ್ಟೆ. “ಗುರು, ನಮ್ಮ ಲಗ್ನದ ಮಾತು ನಿನ್ನ ಯಾರರೇ ಕೇಳ್ಯಾರೇನು?”

“ಇಲ್ಲ. ನಿನ್ನ?”

“ನನ್ನೂ ಇಲ್ಲ.”

ಇಬ್ಬರಿಗೂ ನಗು ಬಂತು. ಇಷ್ಟು ವರ್ಷ ಒಂದೇ ತಾಟಿನ ಝುಣಕಕ್ಕೆ ಕೈ ಹಾಕಿದ ನಾವು ಇದನ್ನು ಮೊದಲ ಸಲ ಮಾತಾಡಿದ್ದೆವು. ಆಫೀಸಿನ ಅಧಿಕಾರ ನೆತ್ತಿಗೇರಿದ್ದ ನಾನು ದೊಡ್ಡ ಭಾಷಣ ಮಾಡಿದೆ. ಹೇಳದೇ ಕೇಳದೇ ಆಗಿಹೋಗುವ ಲಗ್ನ ಎಂಥ ಲಗ್ನ? ನಾವೇನು ಸಿ.ಡಿ.ಯೊಳಗೆ ಬಂದವರೇ? ಇದರಿಂದ ಪಾರಾಗಬೇಕು. ಆದರೆ ಒಬ್ಬರೇ ಒಲ್ಲೆ ಎಂದರೆ ಅಣ್ಣ ತಂಗಿಯ ಸಂಬಂಧ ಹರಿಯುತ್ತದೆ. ನಾನು ಒಲ್ಲೆ ಅಂದರೆ ಅತ್ಯಾಗೆ ಅವಮಾನ, ಅವನು ಅಂದರೆ ಅಪ್ಪನಿಗೆ. ಇಬ್ಬರೂ ಒಟ್ಟಿಗೇ, ಒಂದೇ ಉಸಿರಿಗೆ ಒಲ್ಲೆ ಎಂದುಬಿಟ್ಟರೆ? ತಪ್ಪು ಯಾರದ್ದೂ ಅಲ್ಲ, ತಕ್ಕಡಿ ಸಮ. ದೀಪಾವಳಿಗೆ ಅತ್ಯಾ ಬಂದಾಗ ಹಾಗೇ ಮಾಡುವುದೆಂದು ಗೊತ್ತುಮಾಡಿದೆ. ಗುರುರಾಜ ಸ್ವಲ್ಪ ಹೊತ್ತು ಗೇಟಿನ ಚಿಲಕ ಅಲ್ಲಾಡಿಸುತ್ತ ನಿಂತ. “ನಿನಗ ಹಂಗ ಬೇಕಿದ್ರ ಹಂಗ ಆಗಲಿ” ಎಂದ. ಆ ಮಾತಿನಲ್ಲಿ ಅವನ ಅಭಿಪ್ರಾಯ ಎಲ್ಲಿದೆ ಎಂದು ಕೇಳುವಷ್ಟು ಬುದ್ಧಿ ನನಗಿರಲಿಲ್ಲ. ಶೇಷು ಸುಮ್ಮನೆ ಆರಿಸಿರಲಿಲ್ಲ ನನ್ನನ್ನು.

ಅತ್ಯಾ ಬಂದಳು. ಆರತಿಯಾಯಿತು, ಊಟಕ್ಕೆ ಕುಳಿತೆವು. ಅಪ್ಪ, ಗುರುರಾಜ, ನಾನು ಸಾಲಾಗಿ. ಅವ್ವ, ಅತ್ಯಾ ಬಡಿಸುತ್ತಿದ್ದರು. ನಾವೇ ವಿಷಯ ಎತ್ತಬೇಕಲ್ಲ ಎಂದು ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಅತ್ಯಾನೇ ಸಂಡಿಗೆಯ ಬುಟ್ಟಿ ಕೆಳಗಿಟ್ಟು ಮಾತು ತೆಗೆದಳು. “ನಮ್ಮ ಬಾಜೂಕಿನ ಮನ್ಯಾಕಿ ಅಂದ್ಲು, ಈಗಿನ ಕಾಲದಾಗ ಹುಡುಗರನ್ನ ಒಂದ ಮಾತು ಕೇಳಬೇಕಂತ. ನನಗೂ ಖರೇ ಅನಸ್ತು. ಏನಂತೀರಪಾ ಇಬ್ಬರೂ? ನಿಮಗ ಈ ಲಗ್ನಾ ಒಪ್ಪಿಗಿ ಐತೇನು?”

ನಾನು ಗುರುರಾಜನ ಕಡೆ ನೋಡಿ ಕಣ್ಣಿನಲ್ಲೇ ಸನ್ನೆ ಮಾಡಿದೆ. ಉಸಿರು ಎಳೆದುಕೊಂಡೆ.

“ನಾ ಒಲ್ಲೆ” ಎಂದೆ ನಾನು.

“ಹೂಂ” ಎಂದ ಅವನು.

ಎರಡೂ ಒಂದೇ ಉಸಿರಿಗೆ, ಮಾತು ಕೊಟ್ಟ ಹಾಗೆಯೇ ಬಂದವು. ಬಡಿಸುತ್ತಿದ್ದ ಅವ್ವನ ಸೌಟು ಗಾಳಿಯಲ್ಲೇ ನಿಂತಿತು. ಅಪ್ಪ ನನ್ನನ್ನು ನೋಡಲಿಲ್ಲ, ತಂಗಿಯನ್ನು ನೋಡಿದರು. ಅತ್ಯಾ ಮಗನನ್ನು ನೋಡಿದಳು. ಅವನ ಕಿವಿ ಕೆಂಪಗಾಗಿತ್ತು. ಅರ್ಧ ಊಟಕ್ಕೆ ಎದ್ದು ಕೈ ತೊಳೆದು, “ಮಾಮಾ, ನಾ ಬರ್ತೀನಿ” ಎಂದು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟ. ನಮ್ಮ ಮನೆಯಲ್ಲಿ ಅವನು ಊಟ ಬಿಟ್ಟು ಎದ್ದದ್ದು ಅದೇ ಮೊದಲು.

“ನಾ ಕೇಳಬಾರದಿತ್ತು” ಎಂದು ಅತ್ಯಾ ಸೆರಗಿನಿಂದ ಕಣ್ಣೊರೆಸಿದಳು. “ಕೇಳಿ ಕೆಡಿಸಿದೆ. ಅಣ್ಣಾ, ನನ್ನ ಚೀಲಾ ಎಲ್ಲೈತಿ? ಸಂಜೀ ಗಾಡಿಗೆ ನಾ ಹೊಂಡ್ತೀನಿ. ಈ ಮನಿಗೆ ಇನ್ನ ಯಾವ ಮಾರಿ ಹೊತ್ತು ಬರ್ಲಿ?”

ಅಪ್ಪ ಅನ್ನದೊಳಗೆ ಬೆರಳಿಟ್ಟುಕೊಂಡು ಕೂತೇ ಇದ್ದರು. ಅವರ ಆ ಮುಖ ನೋಡಿ ನನಗೆ ಸಂಕಟವಾಯಿತು. ಆದರೆ ನಿಜ ಹೇಳಬೇಕೆಂದರೆ ಸಂಕಟಕ್ಕಿಂತ ಮೊದಲು ಬಂದದ್ದು ಸಿಟ್ಟು. ಮಾತು ತಪ್ಪಿದನಲ್ಲ! ಕೈ ತೊಳೆದೆನೋ ಇಲ್ಲವೋ, ಓಡಿದೆ. “ಎಲ್ಲಿಗೆ ಹೊಂಟೀ, ಹುಚ್ಚಿ” ಎಂದು ಅವ್ವ ಕೂಗಿದ್ದು ಕೇಳಿಸಿತು. ಚೌರಸ್ತೆ ಮುಟ್ಟಿದ ಮೇಲೆ ನೋಡುತ್ತೇನೆ, ಒಂದು ಕಾಲಲ್ಲಿ ನನ್ನ ಚಪ್ಪಲಿ, ಇನ್ನೊಂದರಲ್ಲಿ ಅಪ್ಪನದು. ಜರಿ ಸೀರೆ, ಕೈಗೆ ಅಂಟಿದ ಹೋಳಿಗೆ, ಕಾಲಲ್ಲಿ ಈ ವೈಭವ. ಹಣ್ಣಿನ ಗಾಡಿಯವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

ಗುರುರಾಜ ಬಸ್‌ಸ್ಟಾಪಿನಲ್ಲಿ ನಿಂತಿದ್ದ.

“ಏನ ಮಾತಾಗಿತ್ತು ನಮ್ಮದು?” ಎಂದು ಏದುಸಿರಿನಲ್ಲೇ ಜಗಳಕ್ಕೆ ನಿಂತೆ. “ಇಬ್ಬರೂ ಒಲ್ಲೆ ಅನ್ನೂದು ಅಂತಲ್ಲ?”

“ಹೌದು, ಆಗಿತ್ತು.”

“ಮತ್ತ?”

“ಮತ್ತ ಅವ್ವ ಕೇಳಿಬಿಟ್ಲು” ಎಂದ. ಅವನು ರಸ್ತೆಯ ಕಡೆ ನೋಡುತ್ತಿದ್ದ. “ಇಷ್ಟ ದಿನಾ ನನ್ನ ಯಾರೂ ಏನೂ ಕೇಳಿದ್ದಿಲ್ಲ, ವೈಜಿ. ಕೆಮಿಸ್ಟ್ರಿಗೆ ಅಪ್ಪ ಹಚ್ಚಿದ್ರು. ನೌಕರಿಗೆ ಮಾಮಾ ಹೇಳಿದ್ರು. ಒಲ್ಲೆ ಅನ್ನಬೇಕಂತ ನೀನ ಹೇಳಿದಿ. ನಾನೂ ಅನ್ನಬೇಕಂತನ ಕುಂತಿದ್ದೆ. ಆದ್ರ ಖರೇನ ಯಾರೋ ನನ್ನ ಮಾರಿ ನೋಡಿ ಕೇಳಿದ ಕೂಡ್ಲೆ ಸುಳ್ಳು ಹೇಳಾಕ ಆಗಲಿಲ್ಲ. ತಪ್ಪಾಗಿದ್ರ ಬಿಟ್ಟಬಿಡು. ಅವ್ವಗ ನಾ ತಿಳಿಸಿ ಹೇಳ್ತೀನಿ, ಮಾಮಾಗೂ ಹೇಳ್ತೀನಿ. ನಿನ್ನ ಮ್ಯಾಲ ಏನೂ ಬರಾಂಗಿಲ್ಲ.”

ನನ್ನ ಸಿಟ್ಟು ಎಲ್ಲಿ ಹೋಯಿತೋ. ಮೂರು ಕ್ಯಾಲ್ಕುಲೇಟರುಗಳನ್ನು ಒಂದು ವಾರ ತಿರುವಿ ಮುರುವಿ ನೋಡಿದ ನಾನು ಈ ಮನುಷ್ಯನನ್ನು ಒಂದು ದಿನವಾದರೂ ನೆಟ್ಟಗೆ ನೋಡಿದ್ದೆನೆ? ಎರಡು ಬಸ್ಸು ಬದಲಿಸಿ ಅವನು ಬರುತ್ತಿದ್ದದ್ದು ಝುಣಕಕ್ಕೆ ಎಂದೇ ತಿಳಿದಿದ್ದೆ. ನನ್ನನ್ನು ಯಾರೂ ಕೇಳಲಿಲ್ಲ ಎಂದು ಊರಿಗೆಲ್ಲ ಸಾರಿದವಳು, ಅವನ ಸಲುವಾಗಿ ನಾನೇ ಒಂದು ‘ಒಲ್ಲೆ’ಯನ್ನು ಆರಿಸಿ ಅವನ ಕೈಗೆ ಕೊಟ್ಟಿದ್ದೆ. ನಾಚಿಕೆಯಾಯಿತು. ಅವನು ಹಾಗೇ ಬಸ್ಸು ಹತ್ತಿ ಹೋಗಿಬಿಟ್ಟರೆ, ಮುಂದಿನ ರವಿವಾರ ಬಾರದೇ ಹೋದರೆ ಎಂದು ಯೋಚಿಸಿದ್ದಕ್ಕೇ ಎದೆ ಧಸಕ್ಕೆಂದಿತು. ನನಗೆ ಅವನು ಬೇಕಾಗಿದ್ದ. ಇದು ಬೇರೆ ಯಾರೋ ಗೊತ್ತುಮಾಡಿದ್ದಲ್ಲ, ನನಗೇ ಗೊತ್ತಾದದ್ದು. ಕಾಚಿಗೂಡದ ಚೌರಸ್ತೆಯಲ್ಲಿ, ಅಪ್ಪನ ಚಪ್ಪಲಿ ಮೆಟ್ಟಿಕೊಂಡು!

“ಒಲ್ಲೆ ಅಂದದ್ದು ಅತ್ಯಾಗ” ಎಂದೆ. “ನೀ ಇನ್ನೂ ನನ್ನ ಕೇಳಿಲ್ಲ.”

ಅವನು ಈಗ ನನ್ನ ಕಡೆ ತಿರುಗಿದ. ಚಪ್ಪಲಿ ನೋಡಿದ, ನಗಲಿಲ್ಲ. ದೂರದಲ್ಲಿ ಅವನ ಬಸ್ಸು ಕಾಣಿಸಿತು. ಜನ ನೂಕಾಡತೊಡಗಿದರು.

“ವೈಜಿ, ನನ್ನ ಮಾಡ್ಕೋತೀಯೇನು?”

ನಮ್ಮ ಮನೆಯ ಹೆಣ್ಣುಮಕ್ಕಳು ಇಂಥ ಹೊತ್ತಿನಲ್ಲಿ ಏನು ಮಾಡುತ್ತಾರೋ ಅದನ್ನೇ ನಾನೂ ಮಾಡಿದೆ. ತಲೆ ಬಗ್ಗಿಸಿ, ಕಾಲಬೆರಳಿನಿಂದ ನೆಲ ಕೆರೆಯುತ್ತ ಸುಮ್ಮನೆ ನಿಂತೆ. ನಮ್ಮಲ್ಲಿ ಅಷ್ಟಾದರೆ ಮುಗಿಯಿತು, ಹಿರಿಯರು ಸಕ್ಕರೆ ಹಂಚುತ್ತಾರೆ.

ಗುರುರಾಜ ಹಂಚಲಿಲ್ಲ. ಬಸ್ಸು ಬಂದು ನಿಂತಿತು. ಕಂಡಕ್ಟರು ಬಾಗಿಲು ಬಡಿದ. ಇವನು ಒಂದು ಹೆಜ್ಜೆಯೂ ಕದಲಲಿಲ್ಲ.

“ಸುಮ್ಮನ ನಿಂತ್ರ ಹೂಂ ಅಂತ ನಾ ತಿಳ್ಕೊಳ್ಳಾಂಗಿಲ್ಲ” ಎಂದ. “ಬಾಯಿಬಿಟ್ಟು ಹೇಳು. ಒಲ್ಲೆ ಅಂದ್ರೂ ನಡೀತೈತಿ.”

ನಾನು ಹೇಳಿದೆ. ಎಷ್ಟು ಜೋರಾಗಿ ಹೇಳಿದೆನೆಂದರೆ, ಕನ್ನಡ ಬಾರದ ಆ ಹಣ್ಣಿನ ಗಾಡಿಯವಳೂ ತಿರುಗಿ ನೋಡಿ ನಕ್ಕಳು.